ವಾಲ್ಯೂಮ್ ನಾಬ್ ಸಡಿಲವಾದರೆ ಸೆಟ್ಟೇ ಡಬ್ಬಾ ಅನಿಸುವುದೇಕೆ?

ಪ್ರಶ್ನೆ: ದಾವಣಗೆರೆಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುತ್ತೇನೆ. ಹಳೇ ಆಂಪ್ಲಿಫೈಯರ್‌ನ ವಾಲ್ಯೂಮ್ ತಿರುಗಿಸಿದರೆ ಕರಕರ ಅನ್ನುತ್ತಿತ್ತು. ಕ್ಲೀನರ್ ಸ್ಪ್ರೇ ಹೊಡೆದೆ, ಕರಕರ ನಿಂತಿತು. ಆದರೆ ಬೆಣ್ಣೆಯಂತೆ ತಿರುಗುತ್ತಿದ್ದ ನಾಬ್ ಈಗ ಸಡಿಲ. ಮುಟ್ಟಿದರೆ ಡಬ್ಬಾ ಸೆಟ್ ಅನಿಸುತ್ತದೆ. 'ಸೌಂಡ್ ಅದೇ ಇದೆಯಲ್ಲ ಅಪ್ಪಾಜಿ, ಎಲ್ಲಾ ನಿಮ್ಮ ಭ್ರಮೆ' ಅಂತಾನೆ ಮಗ. ಹೌದಾ?

ಉತ್ತರ: ಭ್ರಮೆ ಅಲ್ಲ. ಸ್ಪ್ರೇ ಕೊಳೆಯ ಜೊತೆ ಗ್ರೀಸನ್ನೂ ತೊಳೆದಿದೆ. ವಾಲ್ಯೂಮ್ ಕಂಟ್ರೋಲ್‌ನ ಕಡ್ಡಿ ತಿರುಗುವ ಜಾಗದಲ್ಲಿ ಅಂಟಾದ ಗ್ರೀಸ್ ತುಂಬಿರುತ್ತಾರೆ. ಸವೆತ ತಡೆಯಲಿಕ್ಕೆ ಮಾತ್ರ ಅಲ್ಲ, ಕೈಗೆ ಹಿತವಾಗಲಿ ಅಂತಲೂ ಹೌದು. ಮೆಲ್ಲಗೆ ತಿರುಗಿಸಿದರೆ ದಾರಿ ಬಿಡುತ್ತದೆ, ಜೋರು ಮಾಡಿದರೆ ಜಾಸ್ತಿ ತಡೆಯುತ್ತದೆ. ನೀವು ಬೆಣ್ಣೆ ಅಂದದ್ದು ಇದಕ್ಕೇ. (ದಾವಣಗೆರೆಯವರ ಬಾಯಲ್ಲಿ ಬೇರೇನು ಬರಬೇಕು!) ಗ್ರೀಸ್ ಹೋದರೆ ಕಡ್ಡಿ ಆಚೀಚೆ ಅಲ್ಲಾಡುತ್ತದೆ. ಮೊದಲು ಕಚ್ಚಿಕೊಂಡು, ಆಮೇಲೆ ಒಮ್ಮೆಲೇ ಜಾರುವುದೂ ಉಂಟು.

ಇಷ್ಟು ಸಣ್ಣದು ಕೈಗೆ ಗೊತ್ತಾಗುತ್ತಾ? ಚೆನ್ನಾಗಿ ಗೊತ್ತಾಗುತ್ತದೆ. ನಾಬ್ ಹಿಡಿದು ಬಹಳ ನಿಧಾನ ತಿರುಗಿಸಿ ನೋಡಿ: ನಾಬ್ ಕದಲುವ ಮುಂಚೆ ಬೆರಳ ಚರ್ಮ ಎಳೆಯುತ್ತದೆ. ಎಷ್ಟು ಬಿಗಿ ಅನ್ನೋದರ ಮೊದಲ ಸುದ್ದಿ ಅದು. ಇನ್ನು ನಡುಕ. ಸೆಕೆಂಡಿಗೆ 250 ಸಲದ ಆಸುಪಾಸಿನ ಕಂಪನವಾದರೆ, ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲಿಗಿಂತ ಕಡಿಮೆ ಇದ್ದರೂ ಬೆರಳ ತುದಿ ಹಿಡಿಯುತ್ತದೆ. ಕಿವಿಯೂ ಸೇರಿಕೊಳ್ಳುತ್ತದೆ. ಫ್ಯಾನ್ ರೆಗ್ಯುಲೇಟರ್ 'ಟಕ್' ಅಂದರೆ ಗಟ್ಟಿ ಮಾಲು ಅನಿಸುತ್ತದೆ ಅಲ್ವಾ?

ನಿಮ್ಮ ಮಗನದ್ದೂ ಅರ್ಧ ಸರಿ. ನಾಬ್ ಸಡಿಲವಾದದ್ದು ನಿಜ, ಅದರಿಂದ ಸೆಟ್ಟೇ ಡಬ್ಬಾ ಅಂತ ತೀರ್ಮಾನಿಸಿದ್ದು ನಿಮ್ಮ ತಲೆ.

ಸುಲಭದ ಉಪಾಯ, ಚಿಕ್ಕ ನಾಬ್ ಹಾಕಿ. 40 ಮಿಲಿಮೀಟರ್ ಅಗಲದ್ದು ತೆಗೆದು 20ರದ್ದು ಹಾಕಿದರೆ ತಿರುಗಿಸಲು ಎರಡು ಪಟ್ಟು ಬಲ ಬೇಕು, ಹಿಡಿತ ಸಿಕ್ಕಂತಾಗುತ್ತದೆ. ಕೊಬ್ಬರಿ ಎಣ್ಣೆ ಮಾತ್ರ ಬಿಡಬೇಡಿ, ಒಳಗಿನ ಕಾರ್ಬನ್ ಪಟ್ಟಿಗೆ ಇಳಿದರೆ ಧೂಳು ಹಿಡಿದು ಮತ್ತೆ ಕರಕರ. ಕಂಟ್ರೋಲನ್ನೇ ಬದಲಿಸುವುದಾದರೆ ಹಳೆಯದನ್ನು ಅಂಗಡಿಗೆ ಒಯ್ಯಿರಿ. ಅದೇ ಓಮ್ (ಕರೆಂಟು ತಡೆಯುವ ಅಳತೆ), ಅದೇ ಬಗೆಯದು ಕೇಳಿ. ನಾಲ್ಕೈದು ತೆಗೆಸಿ, ಒಂದೊಂದನ್ನೂ ತಿರುಗಿಸಿ ನೋಡಿಯೇ ದುಡ್ಡು ಕೊಡಿ.