ಹಳೆಯ ಟ್ರ್ಯಾಕ್ಟರ್: ಆಯಿಲ್ ಮಟ್ಟ ಏರಿದರೆ ಎಚ್ಚರ

ಪ್ರಶ್ನೆ: ನಮ್ಮ ತಂದೆಯವರು 1978ರಲ್ಲಿ ಕೊಂಡ ಎಚ್‌ಎಂಟಿ ಜೆಟಾರ್ 2511 ಟ್ರ್ಯಾಕ್ಟರನ್ನು ಬಿತ್ತನೆಗೂ ಮೇವು ಸಾಗಿಸಲೂ ಇಂದಿಗೂ ಬಳಸುತ್ತಿದ್ದೇವೆ. ಎರಡು ತಿಂಗಳ ಹಿಂದೆ ಬದಲಾಯಿಸಿದ ಇಂಜಿನ್ ಆಯಿಲ್ ಈಗಾಗಲೇ ಕಾಡಿಗೆಯಂತೆ ಕಪ್ಪಾಗಿದೆ. ನಡುವೆ ಒಂದು ತೊಟ್ಟನ್ನೂ ಸೇರಿಸಿಲ್ಲವಾದರೂ ಅದರ ಮಟ್ಟ ಅಳತೆ ಕಡ್ಡಿಯ ಮೇಲಿನ ಗೆರೆಯನ್ನು ದಾಟಿ ಅರ್ಧ ಬೆರಳಿನಷ್ಟು ಏರಿದೆ. ಆಯಿಲ್ ತಿನ್ನದ ಇಂಜಿನ್ ಗಟ್ಟಿಮುಟ್ಟು ಎಂದು ಪಕ್ಕದ ಹೊಲದವರು ಹೇಳುತ್ತಾರೆ. ಬಿಸಿಯಾದ ಮೇಲೆ ಆಯಿಲ್ ಪ್ರೆಷರ್ ಮುಳ್ಳು ತೀರಾ ಕೆಳಗಿಳಿಯುವುದರಿಂದ ಸ್ವಲ್ಪ ದಪ್ಪನೆಯ ಗೇರ್ ಆಯಿಲ್ ಬೆರೆಸಬಹುದೇ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ದಯವಿಟ್ಟು ಗೇರ್ ಆಯಿಲ್ ಬೆರೆಸಬೇಡಿ; ಮಟ್ಟ ಏರಿದ ಕಾರಣ ತಿಳಿಯುವವರೆಗೆ ಇಂಜಿನನ್ನೂ ಚಾಲೂ ಮಾಡಬೇಡಿ. ಆಯಿಲ್ ಕಪ್ಪಾದುದಕ್ಕೆ ನೀವು ಹೆದರಬೇಕಾಗಿಲ್ಲ. ಡೀಸೆಲ್ ಉರಿದಾಗ ಹುಟ್ಟುವ ಮಸಿಯನ್ನು ಒಂದೆಡೆ ಗಡ್ಡೆಕಟ್ಟಲು ಬಿಡದೆ ತನ್ನೊಳಗೆ ಹಿಡಿದಿಟ್ಟುಕೊಳ್ಳುವುದೇ ಒಳ್ಳೆಯ ಆಯಿಲ್‌ನ ಕೆಲಸವಾದ್ದರಿಂದ, ಹಳೆಯ ಇಂಜಿನ್‌ನಲ್ಲಿ ಅದು ಕೆಲವೇ ಗಂಟೆಗಳಲ್ಲಿ ಕಪ್ಪಾಗುವುದು ಸಹಜ. ಸಹಜವಲ್ಲದ್ದು ಮಟ್ಟದ ಏರಿಕೆ. ಚೇಂಬರಿನಲ್ಲಿರುವ, ಅಂದರೆ ಇಂಜಿನ್ ತಳದ ತೊಟ್ಟಿಯಲ್ಲಿರುವ ಆಯಿಲ್ ತಾನಾಗಿ ಹೆಚ್ಚುವುದಿಲ್ಲ. ಹೆಚ್ಚಿದೆಯೆಂದರೆ ಡೀಸೆಲ್ ಅಥವಾ ನೀರು ಅದರೊಳಗೆ ಸೇರುತ್ತಿದೆ ಎಂದೇ ಅರ್ಥ. ಪಕ್ಕದ ಹೊಲದವರು ಆರೋಗ್ಯವೆಂದು ತಿಳಿದಿರುವುದು ನಿಜವಾಗಿ ಕಾಯಿಲೆಯ ಲಕ್ಷಣ.

ಮೊದಲು ಮಟ್ಟವನ್ನು ಸರಿಯಾಗಿ ನೋಡಿದ್ದೀರೆಂದು ಖಚಿತಪಡಿಸಿಕೊಳ್ಳಿ. ಟ್ರ್ಯಾಕ್ಟರ್ ಸಮತಟ್ಟಾದ ನೆಲದಲ್ಲಿ ರಾತ್ರಿಯಿಡೀ ನಿಂತಿರಲಿ. ಬೆಳಿಗ್ಗೆ ಚಾಲೂ ಮಾಡುವ ಮೊದಲು ಕಡ್ಡಿಯನ್ನು ತೆಗೆದು, ನಾರು ಬಿಡದ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗಿಳಿಸಿ ಮತ್ತೆ ತೆಗೆದು ನೋಡಿ. ಆಯಿಲ್ ಎರಡು ಗೆರೆಗಳ ನಡುವೆ, ಮೇಲಿನ ಗೆರೆಯ ಹತ್ತಿರ ಇರಬೇಕು.

ಸೇರಿರುವುದು ಯಾವುದೆಂದು ತಿಳಿಯಲು ಮನೆಯಲ್ಲೇ ಎರಡು ಪರೀಕ್ಷೆ ಮಾಡಬಹುದು. ಕಡ್ಡಿಯ ತುದಿಯ ಒಂದು ಹನಿಯನ್ನು ಹೀರುವ ಬಿಳಿ ಕಾಗದದ ಮೇಲೆ ಬಿಟ್ಟು ಒಂದೆರಡು ಗಂಟೆ ಕಾಯಿರಿ. ನಡುವೆ ಕಪ್ಪು ಚುಕ್ಕೆ ಉಳಿದು, ಅದರ ಸುತ್ತ ತಿಳಿಬಣ್ಣದ ಅಗಲವಾದ ಉಂಗುರ ಹರಡಿದರೆ ಡೀಸೆಲ್ ಬೆರೆತಿರುವ ಸಂಭವ ಹೆಚ್ಚು. ಕಡ್ಡಿಯಲ್ಲೇ ಡೀಸೆಲ್ ವಾಸನೆ ಮೂಗಿಗೆ ಬಡಿದರೆ ಸಂಶಯ ಇನ್ನಷ್ಟು ಬಲವಾಗುತ್ತದೆ. ನೀರಿನ ಪರೀಕ್ಷೆಗೆ ಅಡುಗೆಗೆ ಬಳಸದ ಹಳೆಯ ತವೆಯೊಂದನ್ನು ಕಾಯಿಸಿ, ಒಲೆಯಿಂದ ದೂರ ತಂದು, ಒಂದೇ ಒಂದು ಹನಿ ಹಾಕಿ. ಅದು ಸಾಸಿವೆ ಸಿಡಿದಂತೆ ಚಟಪಟಗುಟ್ಟಿದರೆ ಒಳಗೆ ನೀರಿದೆ. ನೀರು ಹೆಚ್ಚಾಗಿದ್ದರೆ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿ ಕಣ್ಣಿಗೇ ಕಾಣುತ್ತದೆ.

ನೀವು ಬರೆದಿರುವುದನ್ನು ಓದಿದರೆ ನನಗೆ ಡೀಸೆಲ್ ಮೇಲೆಯೇ ಅನುಮಾನ. ಡೀಸೆಲ್ ಬೆರೆತ ಆಯಿಲ್ ತೆಳುವಾಗುತ್ತದೆ. ತೆಳುವಾದ ಆಯಿಲ್ ಬಿಸಿಯಾದಾಗ ಬೇರಿಂಗುಗಳ ಸಂದಿನಿಂದ ಬೇಗ ಜಾರಿಹೋಗಿ ಪ್ರೆಷರ್ ಇಳಿಯುತ್ತದೆ. ಅಂದರೆ ಮಟ್ಟದ ಏರಿಕೆ ಮತ್ತು ಮುಳ್ಳಿನ ಇಳಿಕೆ ಎರಡಕ್ಕೂ ಮೂಲ ಒಂದೇ ಇರಬಹುದು. ಗೇರ್ ಆಯಿಲ್ ಬೆರೆಸಿದರೆ ಮುಳ್ಳು ಕೆಲವು ದಿನ ಮೇಲೆ ನಿಂತೀತು, ಸೋರಿಕೆ ಮಾತ್ರ ಹಾಗೆಯೇ ಮುಂದುವರಿಯುತ್ತದೆ. ಡೀಸೆಲ್ ಪಂಪು ಮತ್ತು ಅದಕ್ಕೆ ಡೀಸೆಲ್ ತಳ್ಳುವ ಫೀಡ್ ಪಂಪಿನ ಒಳಸೋರಿಕೆಯನ್ನೂ, ಡೀಸೆಲ್ ಸಿಂಪಡಿಸುವ ನಾಜಲ್ ತೊಟ್ಟಿಕ್ಕುತ್ತಿದೆಯೇ ಎಂಬುದನ್ನೂ ಪಂಪ್ ರಿಪೇರಿಯವರಲ್ಲಿ ಪರೀಕ್ಷೆ ಮಾಡಿಸಿ. ನೀರೇ ಕಂಡುಬಂದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ ಹೆಡ್ಡಿನ ಅಡಿಯ ಹಾಳೆ) ಮತ್ತು ಲೈನರಿನ (ಪಿಸ್ಟನ್ ಓಡಾಡುವ ಕೊಳವೆ) ಕೆಳಗಿನ ರಬ್ಬರ್ ರಿಂಗುಗಳನ್ನು ನೋಡಬೇಕು. ನಿಮ್ಮ ಇಂಜಿನ್‌ನಲ್ಲಿ ಲೈನರಿನ ಹೊರಮೈಗೆ ನೀರು ನೇರವಾಗಿ ತಾಗುವುದರಿಂದ ಆ ರಿಂಗು ಸವೆದರೆ ನೀರು ಚೇಂಬರಿಗೇ ಇಳಿಯುತ್ತದೆ.

ದೋಷ ಸರಿಪಡಿಸಿದ ಬಳಿಕ ಇಂಜಿನ್ ಬೆಚ್ಚಗಿರುವಾಗಲೇ ಆಯಿಲ್ ಪೂರ್ತಿ ಇಳಿಸಿ, ಫಿಲ್ಟರನ್ನೂ ಡ್ರೈನ್ ಬೋಲ್ಟಿನ ತಾಮ್ರದ ವಾಷರನ್ನೂ ಹೊಸದಾಗಿ ಹಾಕಿ. ಡೀಸೆಲ್ ಇಂಜಿನ್‌ಗೆಂದೇ ಬರುವ 15ಡಬ್ಲ್ಯು-40 ಅಥವಾ 20ಡಬ್ಲ್ಯು-40 ದರ್ಜೆಯ ಆಯಿಲ್ ನಮ್ಮ ಹವೆಗೆ ಸಾಕು. ಡಬ್ಬಿಯ ಲೆಕ್ಕವನ್ನು ನಂಬದೆ ಕಡ್ಡಿಯನ್ನು ನೋಡುತ್ತಾ ಸುರಿಯಿರಿ. ಬಳಿಕ ಡೀಸೆಲ್ ನಿಲ್ಲಿಸುವ ಸ್ಟಾಪ್ ಎಳೆದಿಟ್ಟು, ಮುಳ್ಳು ಅಲುಗುವವರೆಗೆ ಇಂಜಿನನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಆಮೇಲೆ ಚಾಲೂ ಮಾಡಿ. ಗಂಟೆ ಮೀಟರ್ ಕೆಟ್ಟಿದ್ದರೆ ದಿನಕ್ಕೆಷ್ಟು ಗಂಟೆ ಓಡಿತೆಂದು ಪುಸ್ತಕದಲ್ಲಿ ಬರೆದಿಡಿ. ಇಷ್ಟು ಹಳೆಯ ಇಂಜಿನ್‌ನಲ್ಲಿ 250 ಗಂಟೆಯವರೆಗೆ ಕಾಯದೆ 100–120 ಗಂಟೆಗೊಮ್ಮೆ ಬದಲಾಯಿಸುವುದು ನನ್ನ ಸಲಹೆ. 1971ರಲ್ಲಿ ಚೆಕೊಸ್ಲೊವಾಕಿಯಾದ ಸಹಯೋಗದಿಂದ ಹರಿಯಾಣದ ಪಿಂಜೋರ್‌ನಲ್ಲಿ ಆರಂಭವಾದ ಎಚ್‌ಎಂಟಿ ಟ್ರ್ಯಾಕ್ಟರ್ ಘಟಕ ಇಂದು ಇಲ್ಲ. ಇಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್ ಕೆಟ್ಟರೆ ಬಿಡಿಭಾಗಕ್ಕೆ ಅಲೆಯಬೇಕಾದವರು ನೀವೇ ಆದ್ದರಿಂದ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಪ್ರಶ್ನೆ: ಇಂಜಿನ್‌ನಿಂದ ಇಳಿಸಿದ ಹಳೆಯ ಆಯಿಲನ್ನು ಏರ್ ಕ್ಲೀನರ್ ಬಟ್ಟಲಿಗೆ ಹಾಕಬಹುದೇ?
– ಓದುಗರೊಬ್ಬರು, ಗದಗ ಜಿಲ್ಲೆ

ಉತ್ತರ: ಬೇಡ. ಆ ಬಟ್ಟಲಿನ ಆಯಿಲ್ ಗಾಳಿಯೊಡನೆ ಬರುವ ಧೂಳನ್ನು ಹಿಡಿಯಬೇಕು. ಮೊದಲೇ ಮಸಿ ತುಂಬಿದ ಆಯಿಲ್‌ಗೆ ಆ ಕೆಲಸ ಒಪ್ಪಿಸುವುದು ಸರಿಯಲ್ಲ. ಇಂಜಿನ್‌ಗೆ ಬಳಸುವ ಹೊಸ ಆಯಿಲನ್ನೇ ಗುರುತಿನವರೆಗೆ ಮಾತ್ರ ತುಂಬಿ. ಗುರುತು ಮೀರಿದರೆ ಇಂಜಿನ್ ಅದನ್ನು ಒಳಗೆಳೆದುಕೊಂಡು, ಡೀಸೆಲ್ ನಿಲ್ಲಿಸಿದರೂ ನಿಲ್ಲದೆ ವೇಗ ಹೆಚ್ಚಿಸಿಕೊಂಡು ಓಡುವ ಅಪಾಯವಿದೆ. ಒಕ್ಕಣೆಯ ದಿನಗಳಲ್ಲಿ ಬಟ್ಟಲನ್ನು ಪ್ರತಿ ಸಂಜೆ ಬಿಚ್ಚಿ ನೋಡಿ, ತಳದಲ್ಲಿ ಕೆಸರು ಕೂತಿದ್ದರೆ ಡೀಸೆಲಿನಲ್ಲಿ ತೊಳೆದು, ಒರೆಸಿ, ಹೊಸ ಆಯಿಲ್ ಹಾಕಿ. ಇಳಿಸಿದ ಹಳೆಯ ಆಯಿಲನ್ನು ಬದುವಿಗೆ ಸುರಿಯದೆ, ಎತ್ತಿನ ಗಾಯಕ್ಕೂ ಹಚ್ಚದೆ, ಮುಚ್ಚಳವಿರುವ ಡಬ್ಬಿಯಲ್ಲಿ ಕೂಡಿಟ್ಟು ಹಳೆಯ ಆಯಿಲ್ ಕೊಳ್ಳುವವರಿಗೆ ಕೊಡಿ.