ಹಳೇ ಮನೆ ಜಂತೆ, ಬಾಗಿಲಲ್ಲಿ ಅಂಗಳಕ್ಕೆ ಬೆಂಚ್ ಮಾಡ್ಬೋದಾ? ನನ್ ಹತ್ರ ಟೂಲ್ಸ್ ಒಂದೂ ಇಲ್ಲ

ಮಾಡ್ಬೋದು ಕಣ್ರೀ. ನಾನು ಮಂಡ್ಯದಲ್ಲಿ ತಾತನ ಹೆಂಚಿನ ಮನೆ ಕೆಡವಿದಾಗ ಸಿಕ್ಕ ಜಂತೆ, ಬಾಗಿಲು ಹಲಗೇಲೇ ಮಾಡಿದ್ದು, ಕೊಂಡಿದ್ದು ಸ್ಕ್ರೂ, ಎಣ್ಣೆ, ಉಪ್ಪುಕಾಗದ ಅಷ್ಟೇ. ಡ್ರಿಲ್ ನಮ್ ಭಾಮೈದನ್ದು, ಗರಗಸ, ಮರ ಹೆರೆದು ನುಣುಪು ಮಾಡೋ ತೋಪಡ ಎರಡೂ ನಮ್ ಬೀದಿ ಬಡಗಿ ಆಚಾರ್ರದ್ದು.

ಮೊದಲ ದಿನಾನೇ ಮಾನ ಹೋಯ್ತು. ಕಾಣೋ ಮೊಳೆ ಎಲ್ಲಾ ಕಿತ್ತಿದೀನಿ ಅಂತ ಧೈರ್ಯವಾಗಿ ತೋಪಡ ಹೊಡೀತಿದ್ರೆ ಟಕ್ ಅಂತು, ತಲೆ ಮುರಿದ ಮೊಳೆ ಒಳಗೇ ಕೂತಿತ್ತು, ಅಲಗಿನ ಬಾಯಿ ಚಕ್ಕೆ ಎದ್ದೋಯ್ತು. ಆಚಾರ್ರು ಅಲಗನ್ನ ತಿರುಗಿಸಿ ತಿರುಗಿಸಿ ನೋಡಿ "ಮುಂದಿನ್ ಸಲ ನನ್ನೇ ಕರಿಯಪ್ಪ" ಅಂದ್ರು, ಬೈದಿದ್ರೇ ವಾಸಿ ಇತ್ತು. ಹೊಟ್ಟೆಪಾಡಿನ ಸಾಮಾನಲ್ವಾ ಅದು. ಸಾಣೆ ಹಿಡಿಸಿ ವಾಪಸ್ ಕೊಟ್ಟೆ. ಆಮೇಲೆ ಹಾಳಾದ ಸ್ಪೀಕರ್ ಬಿಚ್ಚಿ ಅದರ ಆಯಸ್ಕಾಂತನ ದಾರಕ್ಕೆ ಕಟ್ಟಿ ಹಲಗೆ ಮೇಲೆಲ್ಲಾ ಆಡಿಸಿದ್ರೆ ಇನ್ನೂ 14 ಮೊಳೆ! ಅದಕ್ಕೇ ಹೇಳೋದು, ಡ್ರಿಲ್ ಬೇಕಾದ್ರೆ ಯಾರ ಹತ್ರನಾದ್ರೂ ಎರವಲು ಕೇಳಿ, ತೋಪಡ ಮಾತ್ರ ಕೇಳ್ಬೇಡಿ, 60, 80, 120 ನಂಬರ್ ಉಪ್ಪುಕಾಗದ ತಗೊಂಡು ಉಜ್ಜಿ, ಕೈ ನೋಯುತ್ತೆ ಬಿಡಿ.

ಹಳೇ ಪೇಂಟ್ ಇದ್ರೆ ಉಜ್ಜಲೇಬೇಡಿ. ಮನೆ ಪೇಂಟಲ್ಲಿ ವಿಷದ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ದಾಟಬಾರದು ಅನ್ನೋ ರೂಲ್ ಜಾರಿಗೆ ಬಂದಿದ್ದೇ 2017ರ ನವೆಂಬರಲ್ಲಿ, ತಾತನ ಕಾಲದ ಹಸಿರು ಬಾಗಿಲ ಧೂಳು ಮೂಗಿಗೆ ಯಾಕೆ? ನಾನು ಆ ಮಗ್ಗುಲನ್ನ ಕೆಳಗೆ ಹಾಕ್ಬಿಟ್ಟೆ.

ಎತ್ತರ 17 ಇಂಚು, ಅಗಲ 16, ಮಳೆ ನೀರು ಇಳಿಯೋಕೆ ಹಲಗೆ ಮಧ್ಯೆ ಕಾಲಿಂಚು ಸಂದು. ಹಳೇ ಮರ ಒಣಗಿ ಕಲ್ಲಾಗಿರುತ್ತೆ, ಮೊದಲು ಸಣ್ಣ ತೂತು ಹಾಕ್ದೆ ಸ್ಕ್ರೂ ತಿರುಗಿಸಿದ್ರೆ ಒಂದೋ ಮರ ಸೀಳುತ್ತೆ ಇಲ್ಲಾ ಸ್ಕ್ರೂ ಮುರಿಯುತ್ತೆ, ತುಕ್ಕು ಹಿಡೀದಿರೋ ಸ್ಟೇನ್‌ಲೆಸ್ ಸ್ಟೀಲ್ದೇ ತಗೊಳ್ಳಿ. ಚೇಗು, ಅಂದ್ರೆ ಮರದೊಳಗಿನ ಗಟ್ಟಿ ತಿರುಳು, ಇರೋದನ್ನ ಇಟ್ಕೊಳ್ಳಿ, ಹುಳ ತಿಂದು ಪುಡಿ ಉದುರೋ ಬಿಳಿ ಭಾಗ, ಪೇಂಟ್ ಇಲ್ದಿದ್ರೆ, ನೀರೊಲೆಗೆ. ಕೊನೇಲಿ ಅಗಸೆ ಎಣ್ಣೆ ಎರಡು ಕೈ. ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದ್ರೆ ತಾನೇ ಬಿಸಿಯಾಗಿ ಹೊತ್ಕೊಳ್ಳೋದೂ ಉಂಟು, ಬಿಡಿಸಿ ಹರಡಿ ಒಣಗಿಸಿ.

ಕಾಲು ಮಣ್ಣಿಗೆ ತಾಗಿದ್ರೆ ಗೆದ್ದಲು ಗ್ಯಾರಂಟಿ, ಕೆಳಗೆ ಚಪ್ಪಡಿ ಕಲ್ಲು ಇಡಿ. ನನ್ ಬೆಂಚಿಂದು ಒಂದು ಕಾಲು ಗಿಡ್ಡ, ಅದರಡಿ ಅದೇ ಮನೆ ಹೆಂಚಿನ ಚೂರು ಇಟ್ಟಿದೀನಿ. ಆಚಾರ್ರು ಬಂದಾಗ ಅದ್ರ ಮೇಲೇ ಕೂತು ಟೀ ಕುಡೀತಾರೆ, ಏನೂ ಅನ್ನಲ್ಲ, ಆ ಕಾಲನ್ನೇ ನೋಡ್ತಿರ್ತಾರೆ.