ನಮ್ಮದು ಪಿತ್ರಾರ್ಜಿತ ಹೊಲ. ಅಕ್ಕಂದಿರ ಮದುವೆಗೆ ಖರ್ಚು ಮಾಡಿದ್ದೇವೆ. ಅವರು ಹೊಲದಲ್ಲಿ ಪಾಲು ಬೇಡ ಅಂದಿದ್ದಾರೆ, ಬಾಯಿಮಾತು ಸಾಕಾ ಅಥವಾ ಹಕ್ಕು ಬಿಡುಗಡೆ ಪತ್ರ ಮಾಡಿಸಬೇಕಾ?

ಭಾಯಿ, ಎರಡೂ ಬೇಡ. ಅವರ ಪಾಲು ಅಳೆದು ಅವರಿಗೆ ಕೊಡಿ. ಈ ಮಾತನ್ನು ನನಗೆ 2011ರಲ್ಲಿ ಯಾರಾದರೂ ಹೇಳಿದ್ದರೆ ನನ್ನ ಹತ್ತು ವರ್ಷ ಉಳಿಯುತ್ತಿತ್ತು.

ನಮ್ಮದು ಹಾವೇರಿ ಜಿಲ್ಲೆ. 8 ಎಕರೆ ಎರೆ ಹೊಲ, ಗೋವಿನಜೋಳ, ಮೆಣಸಿನಕಾಯಿ. ಅಬ್ಬಾ ತೀರಿಕೊಂಡಾಗ ಅಮ್ಮಿ, ನಾನು, ನನ್ನ ಅಣ್ಣ, ಇಬ್ಬರು ಆಪಾ ಅಂದರೆ ಅಕ್ಕಂದಿರು, ಒಬ್ಬಳು ತಂಗಿ. ಅಜ್ಜ ಅಜ್ಜಿ ಮೊದಲೇ ಹೋಗಿದ್ದರು. ಶರೀಅತ್ತಿನ, ಅಂದರೆ ನಮ್ಮ ಮುಸ್ಲಿಂ ಕಾನೂನಿನ ಲೆಕ್ಕ ಇದಕ್ಕಿಂತ ಸುಲಭ ಇರಲು ಸಾಧ್ಯವಿಲ್ಲ. ಹೆಂಡತಿಗೆ ಎಂಟನೇ ಒಂದು ಭಾಗ, ಅಂದರೆ ಅಮ್ಮಿಗೆ 1 ಎಕರೆ. ಉಳಿದ 7 ಎಕರೆಯಲ್ಲಿ ಮಗಳಿಗೆ ಒಂದು ಪಾಲಾದರೆ ಮಗನಿಗೆ ಎರಡು. ನಮಗಿಬ್ಬರಿಗೆ ಎರಡೆರಡು ಎಕರೆ, ಅವರು ಮೂವರಿಗೆ ಒಂದೊಂದು ಎಕರೆ. ಗುಂಟೆ ಕೂಡ ಒಡೆಯಬೇಕಿರಲಿಲ್ಲ.

ತಪ್ಪು ಮಾಡಿದ್ದು ಅಬ್ಬಾನ ನಲವತ್ತನೇ ದಿನದ ಫಾತಿಹಾದಂದು, ತೀರಿಕೊಂಡವರಿಗಾಗಿ ಪ್ರಾರ್ಥನೆ ಮಾಡುವ ದಿನ. ಊಟ ಮುಗಿದಿತ್ತು. ಚಿಕ್ಕಪ್ಪಂದಿರು, ಜಮಾತಿನ ಹಿರಿಯರು, ಭಾವಂದಿರು ಎಲ್ಲರೂ ಪಡಸಾಲೆಯಲ್ಲಿ ಕೂತಿದ್ದರು. ಅಕ್ಕತಂಗಿಯರು ಒಳಗೆ, ಬಾಗಿಲ ಪರದೆಯ ಹಿಂದೆ. ಅಲ್ಲಿ ನಾನು ಕೇಳಿದೆ, ಹೊಲದಲ್ಲಿ ನಿಮ್ಮ ಪಾಲು ಬೇಕಾ ಅಂತ. ಕೇಳಿದ ಜಾಗ ನೋಡಿ, ದಿನ ನೋಡಿ. ಅಬ್ಬಾನ ಮಂಚ ಇನ್ನೂ ಎತ್ತಿರಲಿಲ್ಲ. ಬೇಕು ಅಂದರೆ ಇಡೀ ಮನೆತನದ ಮುಂದೆ ಆಸೆಬುರುಕಿ ಆಗಬೇಕು, ಹಬ್ಬಕ್ಕೆ ಬಂದಾಗ ಅತ್ತಿಗೆಯ ಮುಖ ನೋಡಬೇಕು, ನಾಳೆ ಗಂಡನ ಮನೆಯಲ್ಲಿ ಜಗಳ ಆದರೆ ಬರಲು ಬಾಗಿಲಿಲ್ಲ. ಮೂವರೂ ಅಳುತ್ತಾ ಬೇಡ ಅಂದರು. ಅದನ್ನೇ ನಾನು ಒಪ್ಪಿಗೆ ಅಂದುಕೊಂಡೆ. ಒಬ್ಬೊಬ್ಬರನ್ನೇ ಅವರವರ ಮನೆಗೆ ಹೋಗಿ ಕೇಳಬಹುದಿತ್ತು. ಆರು ತಿಂಗಳು ಕಾಯಬಹುದಿತ್ತು. ಅಸಲಿಗೆ ಕೇಳಲೇಬಾರದಿತ್ತು, ಯಾಕೆಂದರೆ ಅವರದ್ದೇ ಎಕರೆಯನ್ನು ಬೇಕಾ ಅಂತ ಅವರನ್ನು ಕೇಳಲು ನಾನು ಯಾರು? ನನ್ನ 2 ಎಕರೆ ಬೇಕಾ ಅಂತ ನನ್ನನ್ನು ಯಾರೂ ಕೇಳಲಿಲ್ಲ ಅಲ್ವಾ.

ವಂಶವೃಕ್ಷದಲ್ಲಿ ಎಲ್ಲರ ಹೆಸರೂ ಇತ್ತು. ಆದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೊಲವನ್ನು ವಾರಸುದಾರರ ಹೆಸರಿಗೆ ಬದಲಿಸುವುದು, ಆದದ್ದು ಅಣ್ಣನ ಮತ್ತು ನನ್ನ ಹೆಸರಿಗೆ ಮಾತ್ರ. ಪಹಣಿಯಲ್ಲಿ ಹೆಸರು ಬಂದ ಮೇಲೆ ಹೊಲ ನಮ್ಮದೇ ಅನ್ನೋ ಧೈರ್ಯದಲ್ಲಿ ಸಾಲ ಮಾಡಿ ಬೋರು ಹಾಕಿಸಿದೆವು.

2014ರಲ್ಲಿ ಸಣ್ಣ ಆಪಾ ಕಾಯಿಲೆಯಿಂದ ತೀರಿಕೊಂಡರು. ಒಬ್ಬ ಮಗ, ಒಬ್ಬಳು ಮಗಳು, ಇಬ್ಬರೂ ಚಿಕ್ಕವರು. ಮರುವರ್ಷ ಭಾವ ಬಂದು ಮಕ್ಕಳಿಗೆ ತಾಯಿಯ ಪಾಲು ಕೊಡಿ ಅಂದರು. ಆಪಾ ಎಲ್ಲರ ಮುಂದೆ ಬಿಟ್ಟುಕೊಟ್ಟಿದ್ದಾರೆ ಅಂದೆ. ಪತ್ರ ಎಲ್ಲಿದೆ ಅಂದರು. ಮಾತಿಗೆ ಮಾತು ಬೆಳೆದು ವಿಭಾಗದ ದಾವೆ ಬಿತ್ತು. ನಮ್ಮ ವಕೀಲರೇ ಮೊದಲ ದಿನ ಹೇಳಿದರು, ನೋಂದಣಿ ಆಗದ ಬಿಡುಗಡೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ಪಹಣಿಯ ಹೆಸರು ಮಾಲೀಕತ್ವ ಕೊಡುವುದಿಲ್ಲ, ಅಬ್ಬಾ ತೀರಿಕೊಂಡ ಗಳಿಗೆಯಲ್ಲೇ ಆಪಾಗೆ ಆ ಎಕರೆ ಸೇರಿದೆ ಅಂತ. ಆಪಾ ಹೋದ ಮೇಲೆ ಆ 40 ಗುಂಟೆಯಲ್ಲಿ ಭಾವನಿಗೆ ಕಾಲು ಭಾಗ 10 ಗುಂಟೆ, ಅಮ್ಮಿಗೆ ಆರನೇ ಒಂದು ಅಂದರೆ ಆರೂವರೆ ಗುಂಟೆ ಚಿಲ್ಲರೆ, ಉಳಿದದ್ದು ಮಕ್ಕಳಿಗೆ.

ಪಹಣಿಯಲ್ಲಿ ತಡೆಯಾಜ್ಞೆ ನಮೂದಾಯಿತು. ಬ್ಯಾಂಕು ಬೆಳೆಸಾಲ ಕೊಡಲಿಲ್ಲ. ದಾವೆ ನಡೆಯುತ್ತಿರುವಾಗಲೇ 2018ರಲ್ಲಿ ಅಮ್ಮಿ ಹೋದರು, ಆಪಾನ ಮಕ್ಕಳ ಮುಖ ನೋಡದೆ. ಅಮ್ಮಿಯ ಪಾಲಿನಲ್ಲಿ ಆ ಮಕ್ಕಳಿಗೆ ಏನೂ ಬರಲಿಲ್ಲ, ನಾವು ಬದುಕಿರುವಾಗ ತೀರಿಹೋದ ಮಗಳ ಮಕ್ಕಳು ನಾವು ಪಾಲಿಸುವ ಹನಫಿ ಪಂಥದ ಲೆಕ್ಕದಲ್ಲಿ ವಾರಸುದಾರರಲ್ಲ. ಅಮ್ಮಿ ಮೂರನೇ ಒಂದು ಭಾಗದವರೆಗೆ ಅವರಿಗೆ ವಸಿಯ್ಯತ್, ಅಂದರೆ ಉಯಿಲು ಮಾಡಬಹುದಿತ್ತು. ಜಗಳದ ಮನೆಯಲ್ಲಿ ಅದನ್ನು ಹೇಳುವವರು ಯಾರಿದ್ದರು?

2021ರಲ್ಲಿ ಲೋಕ ಅದಾಲತ್‌ನಲ್ಲಿ ರಾಜಿಯಾಯಿತು. ಚಿಕ್ಕ ಮಕ್ಕಳ ಪಾಲು ಇದ್ದದ್ದರಿಂದ ಕೋರ್ಟಿನ ಅನುಮತಿ ಬೇಕಾಯಿತು. ಅವತ್ತು ಹೊರಗೆ ಬೇವಿನ ಮರದ ಕೆಳಗೆ ದೊಡ್ಡ ಆಪಾ ನನಗೆ ಹೇಳಿದರು, "ಫಾತಿಹಾ ದಿನ ನೀನು ಪಾಲು ಬೇಕಾ ಅಂತ ಕೇಳಲಿಲ್ಲ ತಮ್ಮಾ, ತವರು ಬೇಕಾ ಅಂತ ಕೇಳಿದೆ."

ಇನ್ನು ನಿಮ್ಮ ವಿಷಯ. ಅಕ್ಕಂದಿರ ಮದುವೆಗೆ ಖರ್ಚು ಮಾಡಿದ್ದೇವೆ ಅಂತ ಬರೆದಿದ್ದೀರಿ. ಅದನ್ನು ಪಾಲಿನಲ್ಲಿ ಕಳೆಯುವ ಹಾಗಿಲ್ಲ, ಸುಮ್ನೆ ಆ ಮಾತೇ ಎತ್ತಬೇಡಿ. ಪಿತ್ರಾರ್ಜಿತ ಅಂತಲೂ ಬರೆದಿದ್ದೀರಿ. ನಮ್ಮಲ್ಲಿ ಹುಟ್ಟಿನಿಂದ ಬರುವ ಹಕ್ಕು ಅನ್ನೋದೇ ಇಲ್ಲ, ಅಜ್ಜನದ್ದಾಗಲಿ ಅಬ್ಬಾ ಕೊಂಡಿದ್ದಾಗಲಿ ಎಲ್ಲಕ್ಕೂ ಒಂದೇ ಲೆಕ್ಕ. ಅಬ್ಬಾನ ಸಾಲ ಇದ್ದರೆ ಮೊದಲು ಅದನ್ನು ತೀರಿಸಿ. ಪೌತಿ ಖಾತೆಗೆ ಎಲ್ಲರ ಹೆಸರೂ ಹಾಕಿಸಿ. ಆಮೇಲೆ ಹೊಲ ಅಳೆಸಿ ಅವರವರ ಪಾಲು ತೋರಿಸುವ 11ಇ ನಕ್ಷೆ ಮಾಡಿಸಿ, ವಿಭಾಗ ಪತ್ರ ನೋಂದಣಿ ಮಾಡಿಸಿ, ಅವರವರ ಹೆಸರಿಗೆ ಪಹಣಿ ಬರಲಿ. ರಸ್ತೆ ಬದಿಯ ಹೊಲ ನೀವಿಟ್ಟುಕೊಂಡು ಕಲ್ಲುಹೊಲ ಅವರಿಗೆ ಕೊಡಬೇಡಿ. ಅಷ್ಟಾದ ಮೇಲೆ, ಒಂದೆರಡು ವರ್ಷ ಆ ಹೊಲದ ಲಾವಣಿ (ಗೇಣಿ) ದುಡ್ಡು ಅವರ ಕೈಗೆ ಬಂದ ಮೇಲೆ, ಅವರಾಗಿಯೇ ತಮ್ಮನಿಗೆ ಕೊಡುತ್ತೇನೆ ಅಂದರೆ ಆಗ ದಾನಪತ್ರ ಮಾಡಿಸಿಕೊಳ್ಳಿ. ಅದಕ್ಕೂ ಮೊದಲು ಪಾಲು ಬಿಟ್ಟುಕೊಡುವ ಯಾವ ಕಾಗದವನ್ನೂ ಅವರ ಮುಂದೆ ಹಿಡಿಯಬೇಡಿ.

ಒಂದು ಸಂಗತಿ ನಿಮ್ಮ ಪ್ರಶ್ನೆಯಲ್ಲಿ ಇಲ್ಲವೇ ಇಲ್ಲ. ಅಮ್ಮಿ ಇದ್ದಾರಾ? ಇದ್ದರೆ ಅವರದ್ದು ಎಂಟನೇ ಒಂದು. ಒಟ್ಟು ಎಕರೆ ಎಷ್ಟು, ಅಣ್ಣತಮ್ಮಂದಿರು ಅಕ್ಕತಂಗಿಯರು ಎಷ್ಟು ಜನ, ಬರೆಯಿರಿ. ಗುಂಟೆ ಲೆಕ್ಕ ನಾನೇ ಹಾಕಿಕೊಡುತ್ತೇನೆ.